ಮೂರೂರ ಮಣಿ

ಪಾಪಕ್ಕ ಬಂದು ತಟ್ಟೆ ನೋಡುವವರೆಗೂ ಮುದ್ದಕ್ಕನ ಮನೆಯ ಮದುವೆಗೆ ಯಾವ ಕೊರತೆಯೂ ಇರಲಿಲ್ಲ. ಮಧುಗಿರಿ ಬೆಟ್ಟದ ಬುಡದ ಆ ಬೀದಿಯಲ್ಲಿ ಚಪ್ಪರ ಎದ್ದಿತ್ತು, ಮಾವಿನ ತೋರಣ ಕಟ್ಟಿಯಾಗಿತ್ತು. ಮುದ್ದಕ್ಕನ ಒಬ್ಬಳೇ ಮಗಳು ಬಿಂದುಶ್ರೀ ಗೋರಂಟಿ ಹಚ್ಚಿಸಿಕೊಂಡು, ತನ್ನ ಕೈಗಳು ಬೇರೆ ಯಾರದ್ದೋ ಎಂಬಂತೆ ಮುಂದೆ ಚಾಚಿ ಕೂತಿದ್ದಳು. ಮುಹೂರ್ತ ಮಾರನೆಯ ಬೆಳಗ್ಗೆ. ಮದುಮಗಳಿಗೆ ಒಳ್ಳೆಯದಾಗಲೆಂದು ಇಡುವ ಮಂಗಳದ ಸಾಮಾನೆಲ್ಲ ಹಿತ್ತಾಳೆ ತಟ್ಟೆ ಸೇರಿತ್ತು. ಹಸಿರು ಗಾಜಿನ ಬಳೆ, ಬಾಸಿಂಗ, ಕಾಲುಂಗುರ, ಅರಿಶಿನದ ಕೊಂಬು, ಕನ್ನಡಿ, ಬಾಚಣಿಗೆ, ನಡುವೆ ಅರಿಶಿನದ ದಾರದಲ್ಲಿ ತಾಳಿ.

ಪಕ್ಕದ ಮನೆಯ ಪಾಪಕ್ಕನಿಗೆ ಎಪ್ಪತ್ತಾರು. ಹೆತ್ತ ಮನೆಗೂ ಸತ್ತ ಮನೆಗೂ ಕರೆಯದೆ ಬರುವ ಹಕ್ಕು ಆಕೆಗೆ ಆ ಬೀದಿಯಲ್ಲಿ ಯಾವತ್ತೋ ಸಿಕ್ಕಿತ್ತು. ಬೆಳಗ್ಗೆ ಏಳು ಗಂಟೆಗೆ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು ಬಂದವಳು ಇನ್ನೊಂದು ಕೈಯಲ್ಲಿ ತಟ್ಟೆಯನ್ನು ಕೆದಕಿದಳು. ಆಮೇಲೆ ಲೋಟ ಕೆಳಗಿಟ್ಟಳು. ಪಾಪಕ್ಕ ಕಾಫಿ ಅರ್ಧಕ್ಕೆ ಬಿಟ್ಟಳೆಂದರೆ ಯಾರದೋ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

“ಮೂರೂರ ಮಣಿ ಎಲ್ಲವ್ವಾ?” ಎಂದಳು.

ಮುದ್ದಕ್ಕನ ಮುಖ ಸುಣ್ಣವಾಯಿತು. ತಾಳಿಯ ದಾರಕ್ಕೆ ಮೂರು ಊರಿನ ಮೂವರು ಹಿರಿ ಮುತ್ತೈದೆಯರ ಕೊರಳಿನ ಒಂದೊಂದು ಕರಿಮಣಿ ಸೇರಿಸುವುದು ಅವರ ಕಡೆಯ ಹಳೆಯ ಪದ್ಧತಿ. ಕೊಡುವವಳು ಒಬ್ಬನೇ ಗಂಡನ ಜೊತೆ ಇಪ್ಪತ್ತೈದು ವರ್ಷ ಬಾಳಿರಬೇಕು. ತನ್ನ ಕೊರಳಿನಿಂದ ತಾನೇ ಕೈಯಾರೆ ಬಿಚ್ಚಿಕೊಡಬೇಕು. ಗಂಡ ಎದುರಿಗೆ ಕೂತು ನೋಡುತ್ತಿರಬೇಕು. ಮದುವೆಯ ಹಿಂದಿನ ದಿನ ಸಂಜೆ ದೀಪ ಹಚ್ಚುವ ಮೊದಲು ಮೂರೂ ಮಣಿ ದಾರ ಸೇರಬೇಕು.

ಬೇರೆಯವರಾಗಿದ್ದರೆ ಈ ಕಾಲದಲ್ಲಿ ಇದೆಲ್ಲ ಯಾಕೆ ಎಂದು ತಳ್ಳಿಹಾಕುತ್ತಿದ್ದರು. ಮುದ್ದಕ್ಕ ತಳ್ಳಿಹಾಕುವ ಸ್ಥಿತಿಯಲ್ಲಿರಲಿಲ್ಲ.

“ನನ್ನ ಮದುವೇಲಿ ಮರ್ತುಬುಟ್ರು,” ಎಂದಳು. “ಆರೇ ವರ್ಷಕ್ಕೆ ಇವಳಪ್ಪ ಹೋದ್ರು. ನನ್ನ ಕೊರಳು ಬರಿದಾದಂಗೆ ನನ್ನ ಮಗಳ್ದು ಆಗಬಾರ್ದು. ಮಣಿ ಇಲ್ದೆ ನಾನು ತಾಳಿ ಕಟ್ಸಕಿಲ್ಲ.”

ಹೀಗೆಂದು ಅವಳು ತಿರುಗಿ ನೋಡಿದ್ದು ತಮ್ಮ ಗಂಗಾಧರನನ್ನು. ಮಣಿ ಬೇಡಿ ತರಬೇಕಾದವನು ಸೋದರಮಾವ. ಬಿಂದುಶ್ರೀಗೆ ಇದ್ದವನು ಅವನೊಬ್ಬನೇ.

ಗಂಗಾಧರನಿಗೆ ಐವತ್ತು. ಕೊಡಿಗೇನಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ಸಣ್ಣದೊಂದು ಜೆರಾಕ್ಸ್ ಅಂಗಡಿ. ಒಳ್ಳೆಯವನು, ಆದರೆ ಒಂದು ಹೇಳಿದರೆ ಇನ್ನೊಂದು ಮಾಡಿಬರುವವನು ಎಂಬ ಹೆಸರು ಗಟ್ಟಿಯಾಗಿತ್ತು. ಹೋದ ವಾರವಷ್ಟೇ ಬಾಸಿಂಗ ತಾ ಎಂದು ಕಳಿಸಿದ್ದಕ್ಕೆ ಗಣೇಶನ ಕಿರೀಟ ತಂದಿದ್ದ. ಅಕ್ಕ ಅದನ್ನು ಮೂರು ದಿನ ಬಂದವರಿಗೆಲ್ಲ ತೋರಿಸಿದ್ದಳು. ಈ ಸಲ ಹೇಗಾದರೂ ಅಕ್ಕನ ಎದುರು ತಲೆಯೆತ್ತಿ ನಿಲ್ಲಬೇಕೆಂದು ಅವನಿಗೆ ಆಸೆಯಾಯಿತು.

“ನಮ್ಮ ಸರ್ವಮಂಗಳನ ಕೊರಳಿಂದು ಒಂದು ತಗಂಡ್ರೆ ಆಗಕಿಲ್ವಾ ಪಾಪಕ್ಕ?” ಎಂದು ಕೇಳಿದ. ಹೆಂಡತಿ ಊರಿನಲ್ಲಿ ಅಂಗಡಿ ನೋಡಿಕೊಂಡು ಸಂಜೆಗೆ ಬರುವವಳಿದ್ದಳು.

“ನಿಮ್ಮ ಮದುವೆ ಆಗಿ ಎಷ್ಟು ವರ್ಷಾತು?”

“ಇಪ್ಪತ್ನಾಕೂವರೆ.”

“ಇನ್ನಾರು ತಿಂಗಳು ಬುಟ್ಟು ಬಾ,” ಎಂದಳು ಪಾಪಕ್ಕ.

ಅಲ್ಲಿಗೆ ಮೂರು ಮನೆ ಗೊತ್ತಾದವು. ಮೊದಲು ಕೊರಟಗೆರೆಯ ಬೊಮ್ಮಪ್ಪ ಮಾವನ ಮನೆ, ಆಮೇಲೆ ಮಿಡಿಗೇಶಿಯ ಚಿಕ್ಕಪ್ಪನ ಮನೆ, ಕೊನೆಗೆ ಪಾವಗಡದಾಚೆ ತಿರುಮಣಿಯಲ್ಲಿ ದೂರದ ನೆಂಟ ರಂಗಸ್ವಾಮಿಯ ಮನೆ. ಗಂಗಾಧರ ಬೈಕಿಗೆ ಪೆಟ್ರೋಲ್ ಹಾಕಿಸಿ, ಜೇಬಿನಲ್ಲಿ ಮೂರು ವೀಳ್ಯದೆಲೆ ಇಟ್ಟುಕೊಂಡು ಹೊರಟ.

ಬೊಮ್ಮಪ್ಪನಿಗೆ ಎಂಬತ್ತಮೂರು, ಹೆಂಡತಿ ಈರಕ್ಕನಿಗೆ ಎಂಬತ್ತರ ಹತ್ತಿರ. ಅರವತ್ತೆರಡು ವರ್ಷದ ಸಂಸಾರ. ಬಂದ ಕಾರಣ ಕೇಳಿ ಮುದುಕನಿಗೆ ಭಾರಿ ಖುಷಿಯಾಯಿತು. ತಾನೇ ಕುರ್ಚಿ ಎಳೆದು ಹೆಂಡತಿಯ ಎದುರು ಕೂತ.

“ನೋಡ್ಲಾ ಗಂಗಾಧರ, ಈ ಮಣಿ ನಾನು ಕಟ್ಟಿದ್ದು. ಇವಳ ಅಪ್ಪ ಅವತ್ತು ಏನು ಮಾಡ್ದ ಗೊತ್ತಾ? ಧಾರೆ ಟೈಮಿಗೆ ಸರ್ಯಾಗಿ ಎದ್ದು ನಿಂತ್ಕಂಡು, ನಮ್ಮಪ್ಪನ್ನ ಕರೆದು…”

ಈರಕ್ಕ ದಾರದ ಗಂಟನ್ನು ಹಲ್ಲಿನಲ್ಲಿ ಸಡಿಲಿಸಿ ಒಂದು ಮಣಿಯನ್ನು ಎಲೆಯ ಮೇಲೆ ಜಾರಿಸಿದಳು. ಬೊಮ್ಮಪ್ಪನ ಮಾತು ಅಲ್ಲಿಗೇ ನಿಂತಿತು. ಮುಂದಿನದನ್ನು ನೆನಪು ಮಾಡಿಕೊಳ್ಳುತ್ತಿದ್ದಾನೆಂದು ಗಂಗಾಧರ ಕಾದ. ಬಾಯಿ ತೆರೆದಿತ್ತು, ಕಣ್ಣು ತೆರೆದಿತ್ತು, ಗೋಡೆಯ ಗಡಿಯಾರದ ಸದ್ದೊಂದು ಬಿಟ್ಟು ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಆಮೇಲೆ ತಲೆ ಮೆಲ್ಲಗೆ ಎದೆಗೆ ವಾಲಿತು.

ಗಂಗಾಧರ ಕೂಗಿದ, ಓಡಿದ, ನೆರೆಯವರನ್ನು ಕರೆದ, ಆಂಬುಲೆನ್ಸಿಗೆ ಫೋನ್ ಮಾಡಿದ. ಜನ ಸೇರಿತು. ಯಾರೋ ಮೂಗಿನ ಬಳಿ ಬೆರಳಿಟ್ಟು ನೋಡಿ ತಲೆಯಾಡಿಸಿದರು. ಈರಕ್ಕ ಮಾತ್ರ ಅಳಲಿಲ್ಲ. ಎಲೆಯನ್ನು ನಾಲ್ಕು ಮಡಿಕೆ ಮಡಿಚಿ ಗಂಗಾಧರನ ಅಂಗಿಯ ಜೇಬಿಗೆ ತಾನೇ ಹಾಕಿ, ಜೇಬನ್ನು ಒಮ್ಮೆ ಸವರಿದಳು.

“ಕೊಟ್ಟಿದ್ದಾತು. ನೀನಿನ್ನು ಹೊರಡಪ್ಪ, ನಿಂಗಿನ್ನೂ ಎರಡು ಮನೆ ಐತೆ,” ಎಂದಳು.

ಎರಡು ಮನೆ ಇದೆಯೆಂದು ತಾನು ಹೇಳಿದ್ದೆನೇ ಎಂದು ಅವನು ಮಧುಗಿರಿ ದಾಟುವವರೆಗೂ ಯೋಚಿಸಿದ. ನೆನಪಾಗಲಿಲ್ಲ. ಏಪ್ರಿಲ್ ಬಿಸಿಲು ಹತ್ತು ಗಂಟೆಗೇ ಟಾರು ಕರಗಿಸುತ್ತಿತ್ತು, ಆದರೆ ಎಡಗಡೆ ಜೇಬಿದ್ದ ಜಾಗ ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಹುಣಸೆಮರದ ಕೆಳಗೆ ಬೈಕ್ ನಿಲ್ಲಿಸಿ ಎಲೆ ತೆಗೆದು ನೋಡಿದ. ಬೆಳಗ್ಗೆ ಕಿತ್ತ ಹಸಿ ಎಲೆ ಸುಟ್ಟಂತೆ ಕಪ್ಪಾಗಿತ್ತು. ಒಳಗಿದ್ದ ಮಣಿ ಆಗಷ್ಟೇ ಬಾವಿಯಿಂದ ಎತ್ತಿದಷ್ಟು ತಣ್ಣಗಿತ್ತು.

ಅಷ್ಟರಲ್ಲಿ ಅಕ್ಕನ ಫೋನ್ ಬಂತು.

“ಬೊಮ್ಮಪ್ಪ ಮಾವ ಹೋಗ್ಬುಟ್ರಂತೆ?” ಅಳುತ್ತಲೇ ಕೇಳಿದಳು.

“ಹೂನಕ್ಕ, ನನ್ನ ಕಣ್ಣೆದುರ್ಗೇ.”

“ಅಯ್ಯೋ ಶಿವನೇ. ಮಣಿ ಬಿಚ್ಚಿದ್ಮೇಲಾ, ಅದಕ್ಕೆ ಮುಂಚೆನಾ?”

“ಬಿಚ್ಚಿದ್ಮೇಲೆ.”

ಆ ಕಡೆ ಪಾಪಕ್ಕನ ಗುಸುಗುಸು ಕೇಳಿಸಿತು. ಮುದ್ದಕ್ಕ ಮೂಗು ಸೀಟಿಕೊಂಡು, “ಅಂಗಾರೆ ಆಗ ಮುತ್ತೈದೇನೇ ಆಗಿದ್ಲು. ಮಣಿ ನಡೀತೈತಂತೆ. ಮುಂದಿನ ಊರಿಗೆ ಹೋಗು,” ಎಂದಳು.

ಮಿಡಿಗೇಶಿಗೆ ಅವನಿಗಿಂತ ಮೊದಲು ಸುದ್ದಿ ತಲುಪಿತ್ತು. ಬೀದಿಗೆ ಬೈಕ್ ತಿರುಗಿಸುತ್ತಿದ್ದಂತೆ ಮೊದಲ ಮನೆಯ ಬಾಗಿಲು ಮುಚ್ಚಿತು. ಆಮೇಲೆ ಎರಡನೆಯದು, ಮೂರನೆಯದು. ಎಡಕ್ಕೂ ಬಲಕ್ಕೂ ಅವನ ಗಾಡಿಗಿಂತ ಒಂದು ಮನೆ ಮುಂದೆ ಮುಂದೆ ಬಾಗಿಲುಗಳು ಸದ್ದಿಲ್ಲದೆ ಮುಚ್ಚುತ್ತ ಹೋದವು. ಬೀದಿ ನಡುವೆ ಮಲಗಿದ್ದ ನಾಯಿ ಕೂಡ ಎದ್ದು, ಬೊಗಳದೆ, ಹಿಂದೆ ನೋಡದೆ ಹೋಯಿತು. ಗಂಗಾಧರನಿಗೆ ಭಯವಾಯಿತು. ಯಾರನ್ನು ಕಂಡು ಇಷ್ಟು ಹೆದರುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿಯೂ ನೋಡಿದ.

ಚಿಕ್ಕಪ್ಪನ ಮನೆಯ ಕಿಟಕಿ ಎರಡು ಬೆರಳಷ್ಟು ತೆರೆದಿತ್ತು.

“ಅವರಿಲ್ಲ ಕಣಪ್ಪ. ಊರಿಗೆ ಹೋಗವ್ರೆ,” ಎಂದಳು ಚಿಕ್ಕಮ್ಮ.

ಒಳಗೆ ಯಾರೋ ಕೆಮ್ಮಿದರು.

“ಕೆಮ್ಮಿದ್ಯಾರು ಚಿಕ್ಕಮ್ಮ?”

“ಟೀವಿ.”

“ಲೇ ಗಂಗಾಧರ,” ಎಂದಿತು ಟೀವಿ, “ನಿನ್ನ ದಮ್ಮಯ್ಯ ಹೊರಟೋಗ್ಲಾ. ನಾನಿನ್ನೂ ಮಾವಿನಕಾಯಿ ಕೊಯ್ಸಿಲ್ಲ.”

ಅವನು ಪಾವಗಡದ ಹಾದಿ ಹಿಡಿದ. ಬೊಮ್ಮಪ್ಪ ಮುದುಕ, ವಯಸ್ಸಾಗಿತ್ತು, ಅವನ ಗಳಿಗೆ ಬಂದಿತ್ತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಎಲ್ಲಿಂದೆಲ್ಲಿಗೂ ನೆರಳಿಲ್ಲದ ಬಂಡೆಗುಡ್ಡಗಳ ನಡುವೆ ಹೇಳಿಕೊಂಡದ್ದರಲ್ಲಿ ಅವನಿಗೇ ನಂಬಿಕೆ ಬರಲಿಲ್ಲ.

ತಿರುಮಣಿ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಊರಿನಾಚೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು ಒಂದೇ ಕಡೆ ಮುಖ ಮಾಡಿ ಸಾಲಾಗಿ ನಿಂತಿದ್ದವು. ಹಿಂದೆ ಕಡಲೆಕಾಯಿ ಬೆಳೆಯುತ್ತಿದ್ದ ನೆಲ. ಈಗ ಒಂದು ಹಕ್ಕಿಯ ಸದ್ದಿಲ್ಲ, ಎಲ್ಲಿಂದಲೋ ಸಣ್ಣಗೆ ಗುಂಯ್ ಎನ್ನುವ ಸದ್ದು ಮಾತ್ರ. ಸಾವಿರಾರು ಜನ ಉಸಿರು ಹಿಡಿದು ತನ್ನನ್ನೇ ನೋಡುತ್ತ ಕೂತಿದ್ದಾರೆ ಎನಿಸಿ ಗಂಗಾಧರ ತಲೆ ತಗ್ಗಿಸಿಕೊಂಡೇ ಹೋದ.

ರಂಗಸ್ವಾಮಿ ತನ್ನ ಹೊಲವನ್ನು ಆ ಸೋಲಾರ್ ಪಾರ್ಕಿಗೇ ಗುತ್ತಿಗೆ ಕೊಟ್ಟು, ಅಲ್ಲೇ ಫಲಕ ತೊಳೆಸುವ ಮೇಸ್ತ್ರಿಯಾಗಿದ್ದ. ಐವತ್ತೆಂಟರ ಗಟ್ಟಿ ಆಳು. ಊಟಕ್ಕೆ ಮನೆಗೆ ಬಂದಿದ್ದ. ಫೋನಿಗೆ ಸಿಗ್ನಲ್ ಇಲ್ಲದ ಅವನ ಅಂಗಳಕ್ಕೆ ಸುದ್ದಿ ಇನ್ನೂ ಬಂದಿರಲಿಲ್ಲ.

“ರಾಪ್ಪಾ ರಾ, ಕೂರ್ಚೋ. ಮಧುಗಿರಿ ನೆಂಟ್ರು ಬರೋದೇ ಅಪರೂಪ. ನರಸಮ್ಮಾ, ಮಜ್ಜಿಗೆ ತಾ,” ಎಂದ, ಗಡಿಯೂರಿನ ತೆಲುಗು ಬೆರೆಸಿ.

ಹೇಳಬೇಕೆಂದು ಗಂಗಾಧರನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮಣಿ ಇಲ್ಲ. ಮಣಿ ಇಲ್ಲದಿದ್ದರೆ ಬಿಂದುಶ್ರೀಯ ಮದುವೆ ಇಲ್ಲ. ಮಜ್ಜಿಗೆಯ ಜೊತೆ ಮಾತನ್ನೂ ನುಂಗಿದ. ನುಂಗಿದ್ದಕ್ಕೆ ಅವನಿಗೆ ಅಲ್ಲೇ ನಾಚಿಕೆಯಾಯಿತು, ಆದರೆ ನರಸಮ್ಮ ಆಗಲೇ ಕೊರಳಿಗೆ ಕೈ ಹಾಕಿದ್ದಳು.

ಮಣಿ ಎಲೆಗೆ ಬಿತ್ತು. ರಂಗಸ್ವಾಮಿ ನಗುತ್ತಲೇ ಇದ್ದ. ಗಂಗಾಧರ ಹಿಡಿದ ಉಸಿರು ಬಿಟ್ಟ.

“ನರಸಮ್ಮಾ, ಲೈಟ್ ಯಾಕೆ ಆರಿಸ್ದೆ?” ಎಂದ ರಂಗಸ್ವಾಮಿ.

ಕೂತಿದ್ದದ್ದು ಬಯಲು ಅಂಗಳದಲ್ಲಿ, ನೆತ್ತಿಯ ಮೇಲೆ ಸೂರ್ಯ.

“ಏಮೈಂದಿ ನಿಮಗೆ? ಲೈಟ್ ಎಲ್ಲೈತೆ ಇಲ್ಲಿ?”

“ಚೀಕಟಿ, ಬರೀ ಕತ್ಲೆ, ಏನೂ ಕಾಣಿಸ್ತಿಲ್ಲ. ಯಾರು ನಿಂತಿರೋದು ಇಲ್ಲಿ?” ಎನ್ನುತ್ತ ಅವನು ಬರಿಯ ಗಾಳಿಯನ್ನು ಕೈಯಲ್ಲಿ ತಡಕಿದ. ಆಮೇಲೆ ಕುರ್ಚಿಯ ಸಮೇತ ಮಗುಚಿ ಬಿದ್ದ.

ಪಾರ್ಕಿನ ಜೀಪು ಬಂದು ಅವನನ್ನು ಪಾವಗಡದ ಆಸ್ಪತ್ರೆಗೆ ಒಯ್ದಿತು. ಹಿಂದೆಯೇ ಗಂಗಾಧರನ ಬೈಕು ಹೊರಟಿತು. ಆಸ್ಪತ್ರೆಯ ಬಾಗಿಲಲ್ಲಿ ನರಸಮ್ಮ ಇವನ ಕಡೆ ನೋಡಿದ ನೋಟಕ್ಕೆ ಒಳಗೆ ಹೋಗುವ ಧೈರ್ಯ ಬರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಒಂದು ಟೀ ಕೇಳಿದ. ಅಂಗಡಿಯವನು ಟೀ ಸುರಿಯುತ್ತ ಒಮ್ಮೆ ಇವನನ್ನೂ ಒಮ್ಮೆ ತನ್ನ ಫೋನನ್ನೂ ನೋಡಿದ.

“ಮಣಿ ಗಂಗಾಧರ್ ಅನ್ನೋರು ಮೀರೇನಾ ಅಣ್ಣ?”

ಫೋನಿನಲ್ಲಿ ಇವನ ಫೋಟೋ ಇತ್ತು. ಯಾವುದೋ ನಾಮಕರಣದಲ್ಲಿ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡಿದ್ದಾಗ ತೆಗೆದದ್ದು. ಕೆಳಗೆ, ಈ ವ್ಯಕ್ತಿ ಮನೆಗೆ ಬಂದರೆ ಗಂಡಸರು ಹಿತ್ತಿಲಿನಿಂದ ಹೋಗತಕ್ಕದ್ದು ಎಂದು ಬರೆದಿತ್ತು.

“ಕೋಣ ಎಲ್ಲಿ ಕಟ್ಟಿ ಬಂದ್ರಿ?” ಎಂದು ಪಕ್ಕದಲ್ಲಿದ್ದವನು ಕೇಳಿದ. ಯಾರೂ ನಗಲಿಲ್ಲ. ಕೇಳಿದವನೂ ಟೀ ಅರ್ಧಕ್ಕೆ ಬಿಟ್ಟು ಎದ್ದುಹೋದ.

ನಾಲ್ಕು ಗಂಟೆಗೆ ಮಧುಗಿರಿ ಸೇರಿದಾಗ ಅವನ ಜೇಬಿನಲ್ಲಿ ಎರಡು ಕಪ್ಪಾದ ಎಲೆಗಳೂ ಎರಡು ತಣ್ಣನೆಯ ಮಣಿಗಳೂ ಇದ್ದವು. ಮೂರನೆಯದಕ್ಕೆಂದು ಮುದ್ದಕ್ಕ ಹದಿನೇಳು ಕಡೆ ಫೋನ್ ಮಾಡಿ ಸೋತಿದ್ದಳು. ಸುತ್ತಿನ ಊರುಗಳ ಹಿರಿಯ ಗಂಡಂದಿರೆಲ್ಲ ಇದ್ದಕ್ಕಿದ್ದಂತೆ ತೀರ್ಥಯಾತ್ರೆಗೆ ಹೋಗಿದ್ದರು. ಇಷ್ಟಾದ ಮೇಲೂ ಮಣಿ ಸೇರದೆ ಬಿಟ್ಟರೆ ಅರ್ಧ ಮಾಡಿದ ಶಾಸ್ತ್ರ ಮದುಮಗಳ ತಲೆಗೇ ಸುತ್ತಿಕೊಳ್ಳುತ್ತದೆ ಎಂದು ಪಾಪಕ್ಕ ಹೇಳಿಯಾಗಿತ್ತು. ಮುದ್ದಕ್ಕ ಬಾಗಿಲಿಗೆ ಒರಗಿ ಅಳುತ್ತಿದ್ದಳು. ಪಾಪಕ್ಕ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಿಚುತ್ತಿದ್ದಳು.

“ಮೂರು ವರ್ಷಕ್ಕೊಂದು ಅಧಿಕಮಾಸ,” ಎಂದಳು ಕೊನೆಗೆ. “ಇಪ್ಪತ್ನಾಕೂವರೆ ವರ್ಷಕ್ಕೆ ಏನಿಲ್ಲಾಂದ್ರೂ ಎಂಟು ತಿಂಗಳು ಜಾಸ್ತಿ ಆತು. ನಿಮ್ಮಿಬ್ರುದು ಇಪ್ಪತ್ತೈದು ತುಂಬ್ಬುಟೈತೆ ಕಣ್ಲಾ ಗಂಗಾಧರ. ಬೆಳಗ್ಗೇನೇ ಹೊಳೀಲಿಲ್ಲ ನಂಗೆ. ನಿನ್ನ ಹೆಂಡ್ರ ಮಣಿ ನಡೀತೈತೆ.”

ಅಲ್ಲಿದ್ದವರೆಲ್ಲ ಗಂಗಾಧರನನ್ನು ನೋಡಿದರು. ಅವನು ಮಾತ್ರ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಸರ್ವಮಂಗಳೆಯ ಗಂಡ ತಾನೇ ಎಂಬುದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಮಾವ, ಬ್ಯಾಡ,” ಎಂದಳು ಬಿಂದುಶ್ರೀ. ಅವಳ ಕಣ್ಣು ತುಂಬಿತ್ತು. “ಇರೋದೆರಡೇ ಸಾಕು. ಏನಾದ್ರೂ ಆಗ್ಲಿ.”

ಐದು ವರ್ಷದ ಕೂಸಾಗಿದ್ದಾಗ ತಂದೆಯ ಹೆಣದ ಪಕ್ಕ ಕೂತು ಬಿಸ್ಕತ್ತು ತಿನ್ನುತ್ತಿದ್ದ ಹುಡುಗಿಯನ್ನು ಅವನು ಎತ್ತಿಕೊಂಡು ಆಚೆ ತಂದಿದ್ದ. ಆಮೇಲೆ ಇಳಿಸಿರಲೇ ಇಲ್ಲ ಎನ್ನಬಹುದು. ಸಾಯುವ ಭಯ ಅವನಿಗೂ ಇತ್ತು, ಎಲ್ಲರಿಗಿಂತ ಒಂದು ಹಿಡಿ ಹೆಚ್ಚೇ ಇತ್ತು. ಆದರೂ ಬೈಕಿನ ಕೀಲಿ ತೆಗೆದುಕೊಂಡ.

“ಅಕ್ಕಿ ನೆನೆಹಾಕಿರು ಅಕ್ಕ, ಬತ್ತೀನಿ,” ಎಂದ. ಯಾಕೆ ಅಕ್ಕಿ ಎಂದನೋ ಅವನಿಗೂ ಗೊತ್ತಿರಲಿಲ್ಲ.

ಕೊಡಿಗೇನಹಳ್ಳಿಯ ಮನೆಯಲ್ಲಿ ಸರ್ವಮಂಗಳೆ ಸೀರೆ ಉಟ್ಟು ತಯಾರಾಗಿದ್ದಳು. ಪಾಪಕ್ಕ ಆಗಲೇ ಫೋನ್ ಮಾಡಿ ಎಲ್ಲ ಹೇಳಿದ್ದಳು. ಗಂಡನ ಮುಖ ನೋಡಿದಳು. ಕುರ್ಚಿ ಹಾಕಿದಳು, ಕುಡಿಯಲು ನೀರು ಕೊಟ್ಟಳು. ಅವಳ ಮೂಗಿನ ತುದಿ ಕೆಂಪಾಗಿತ್ತು.

“ಕೂತ್ಕಳ್ರಿ. ಕಣ್ ಬುಟ್ಟು ನೋಡ್ಬೇಕಂತೆ.”

“ನೋಡ್ತಾ ಇವ್ನಿ, ತೆಗಿ,” ಎಂದ ಗಂಗಾಧರ, ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡು.

ದಾರ ಸರಿದ ಸದ್ದು, ಬಳೆಯ ಸದ್ದು. ಅಂಗೈ ಮೇಲಿದ್ದ ಎಲೆಗೆ ಏನೋ ಬಿತ್ತು. ಇನ್ನೇನು ಕತ್ತಲಾಗುತ್ತದೆ ಎಂದು ಕಾದ. ಕಣ್ಣು ಮುಚ್ಚಿದ್ದರಿಂದ ಆಗಲೇ ಕತ್ತಲಾಗಿತ್ತು, ಹಾಗಾಗಿ ಗೊತ್ತಾಗಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳುತ್ತಲೇ ಇತ್ತು. ಒಂದು ಬಸ್ಸು ಹಾರ್ನ್ ಹಾಕಿ ಹಿಂದೂಪುರದ ಕಡೆ ಹೋಯಿತು. ಮೆಲ್ಲಗೆ ಒಂದು ಕಣ್ಣು ತೆರೆದ. ಎದುರಿಗೆ ಹೆಂಡತಿ ಕೈಮುಗಿದು ನಿಂತಿದ್ದಳು.

“ಇದೀರಾ?” ಎಂದಳು.

“ಇದೀನಿ ಅನ್ಸುತ್ತೆ,” ಎಂದ.

ಮದುವೆ ಮನೆಗೆ ಅವರಿಬ್ಬರೂ ಬಂದಾಗ ಬಿಸಿಲು ಇಳಿದಿತ್ತು. ಗಂಗಾಧರ ನಡೆದು ಒಳಗೆ ಬಂದದ್ದು ಕೆಲವರಿಗೆ ಸಮಾಧಾನ, ಕೆಲವರಿಗೆ ಅನುಮಾನ. ಪಾಪಕ್ಕ ಅವನ ಕಾಲು ನೆಲಕ್ಕೆ ತಾಗುತ್ತಿದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಮಣಿ ತೆಗೆದುಕೊಂಡಳು. ಮೂರನ್ನೂ ದಾರಕ್ಕೆ ಪೋಣಿಸಿ, ಮಂತ್ರದಂತೆ ಏನೋ ಗೊಣಗುತ್ತ ಐದು ಗಂಟು ಹಾಕಿ, ಇನ್ನು ಇದನ್ನು ಬ್ರಹ್ಮ ಬಂದರೂ ಬಿಚ್ಚಬಾರದೆಂದಳು.

ಅಲ್ಲಿಂದ ಎಲ್ಲರೂ ಕಾಯತೊಡಗಿದರು. ಗಂಗಾಧರನನ್ನು ಮೆತ್ತನೆಯ ಕುರ್ಚಿಯಲ್ಲಿ, ಬಿದ್ದರೆ ಪೆಟ್ಟಾಗದ ಕಡೆ ಕೂರಿಸಿದರು. ಹೋದ ವಾರ ಕಿರೀಟ ಹಿಡಿದು ನಗಾಡಿದ್ದ ಅಕ್ಕ ಈಗ ತಾನೇ ಕೈಯಾರೆ ಎರಡು ಕಜ್ಜಾಯ ತಂದು, “ನಿಂಗೆ ಇಷ್ಟ ಅಲ್ವಾ, ತಿನ್ನಪ್ಪ,” ಎಂದು ತಲೆ ಸವರಿದಳು. ಮಿಡಿಗೇಶಿಯಿಂದ ಬಂದ ನೆಂಟನೊಬ್ಬ ಇವನ ಜೆರಾಕ್ಸ್ ಅಂಗಡಿಯ ಜಾಗ ಎಷ್ಟು ಅಡಿ ಅಗಲ ಎಂದು ವಿಚಾರಿಸಿದ. ಮದುವೆಯ ಫೋಟೋಗ್ರಾಫರ್ ಬಂದು ಹಿಂದಿನ ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿದ.

“ಅಣ್ಣ, ಒಂದು ಸಿಂಗಲ್ ತಗಂಡ್ಬುಡನ. ಎದೆಮಟ್ಟ ಸಾಕು,” ಎಂದ.

“ಸಿಂಗಲ್ ಯಾಕ್ಲಾ?”

“ಇರ್ಲಿ ಬುಡಣ್ಣ, ಬೇಕಾಗ್ತದೆ. ಸ್ವಲ್ಪ ನಗಿ.”

ಗಂಗಾಧರ ನಕ್ಕ. ಫ್ಲಾಶ್ ಬೆಳಕಿಗೆ ಅಲ್ಲಿದ್ದ ಇಬ್ಬರು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಗ ಮುದ್ದಕ್ಕನ ಫೋನ್ ಹೊಡೆದುಕೊಂಡಿತು. ಕೊರಟಗೆರೆಯಿಂದ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

“ಮುದ್ದಕ್ಕ, ನಾನು ಈರಕ್ಕ. ಇವರು ಎದ್ದು ಕೂತ್ಕಂಡು ಮುದ್ದೆ ಕೇಳ್ತಾವ್ರೆ. ಎದೆ ನಿಂತೋಗಿತ್ತಂತೆ, ಆಂಬುಲೆನ್ಸಿನೋರು ದಾರೀಲಿ ಗುದ್ದಿ ಗುದ್ದಿ ಶುರು ಮಾಡಿದ್ರಂತೆ. ಆ ಟೈಮಿಗೆ ಜನ ಇದ್ದಿದ್ದಕ್ಕೆ ಉಳ್ಕಂಡ್ರು. ಗಂಗಾಧರ ಬರದೆ ನಾವಿಬ್ರೇ ಇದ್ದಿದ್ರೆ ಮುಗೀತಿತ್ತು ಅಂದ್ರು ಡಾಕ್ಟ್ರು.”

ಮನೆ ತುಂಬ ಗದ್ದಲವೆದ್ದಿತು. ಅದು ಅಡಗುವ ಮೊದಲೇ ಪಾವಗಡದಿಂದ ನರಸಮ್ಮನ ಫೋನ್. ರಂಗಸ್ವಾಮಿಗೆ ಒಳಗೊಳಗೇ ಸಕ್ಕರೆ ಕಾಯಿಲೆ ಇತ್ತಂತೆ, ಯಾರಿಗೂ ಗೊತ್ತಿರಲಿಲ್ಲವಂತೆ. ಊಟವಾದ ಮೇಲೆ ಒಬ್ಬನೇ ಫಲಕಗಳ ನಡುವೆ ಬಿದ್ದಿದ್ದರೆ ಸಂಜೆಯವರೆಗೂ ಯಾರೂ ನೋಡುತ್ತಿರಲಿಲ್ಲವಂತೆ. ಈಗ ಕಣ್ಣು ಚೆನ್ನಾಗಿ ಕಾಣುತ್ತಿದೆಯಂತೆ.

ಪಾಪಕ್ಕ ಎದ್ದು ನಿಂತಳು. ಅವಳ ಮುಖದಲ್ಲಿ ಬೇರೆಯೇ ಒಂದು ತೇಜಸ್ಸು ಬಂದಿತ್ತು.

“ಈಗ ನೆನಪಾತು ನಮ್ಮಜ್ಜಿ ಹೇಳಿದ್ದು. ಮಣಿ ಕೊಟ್ರೆ ಗಂಡ ಹೋಗಕಿಲ್ಲ ಕಣ್ರವ್ವಾ. ಗಂಡನಿಗೆ ಬಂದಿದ್ದ ಗಂಡಾಂತರ ಹೋಯ್ತದೆ. ಅವತ್ತೇ ಬಂದು ಅವತ್ತೇ ಕಳೀತದೆ. ಈ ದಾರ ಹುಡುಗಿ ಕೊರಳಲ್ಲಿ ಇರೋಗಂಟ ಮೂರು ಗಂಡಸ್ರಿಗೂ ಸಾವಿಲ್ಲ.”

ಎಲ್ಲರಿಗೂ ಅದು ಸರಿ ಎನಿಸಿತು. ಬೆಳಗ್ಗೆಯಿಂದ ಯಮನಾಗಿದ್ದ ಗಂಗಾಧರ ಒಂದೇ ಗಳಿಗೆಯಲ್ಲಿ ಧನ್ವಂತರಿಯಾದ. ಮಿಡಿಗೇಶಿಯ ಚಿಕ್ಕಪ್ಪ ಸ್ವತಃ ಫೋನ್ ಮಾಡಿ, ಟೀವಿಯ ದನಿಯಲ್ಲಲ್ಲ, ತನ್ನದೇ ದನಿಯಲ್ಲಿ, “ಇನ್ನೂ ಜಾಗ ಐತಾ ದಾರದಲ್ಲಿ? ನಿಮ್ಮ ಚಿಕ್ಕಮ್ಮ ಬೇಕಾದ್ರೆ ಎರಡು ಕೊಡ್ತಾಳಂತೆ,” ಎಂದ. ಗಂಟು ಬಿದ್ದಾಯಿತು ಎಂದು ಪಾಪಕ್ಕ ಫೋನ್ ಇಟ್ಟಳು. ಫೋಟೋಗ್ರಾಫರ್ ಬಿಳಿ ಪಂಚೆ ಬಿಚ್ಚಿ, ಇವನನ್ನು ಮದುಮಗಳ ಪಕ್ಕ ನಿಲ್ಲಿಸಿ ಬಣ್ಣದ ಫೋಟೋ ತೆಗೆದ. ಗಂಗಾಧರ ಬದುಕಿನಲ್ಲಿ ಮೊದಲ ಸಲ ಅಕ್ಕನ ಮನೆಯಲ್ಲಿ ಎದೆ ಉಬ್ಬಿಸಿ ನಡೆದಾಡಿದ. ಸಾವಿಲ್ಲದವನಿಗೆ ಸಕ್ಕರೆ ಏನು ಮಾಡೀತು ಎಂದು ಇನ್ನೂ ಎರಡು ಕಜ್ಜಾಯ ತಿಂದ.

ಮೂರನೆಯದಕ್ಕೆ ಕೈ ಹಾಕಿದಾಗ ಸರ್ವಮಂಗಳೆ ಅವನ ರೆಟ್ಟೆ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

“ಒಂದು ತಪ್ಪಾಗ್ಬುಟೈತೆ ಕಣ್ರಿ. ನಾನು ಕೊಟ್ಟಿದ್ದು ನನ್ನ ಕೊರಳಿಂದಲ್ಲ.”

ಗಂಗಾಧರನ ಬಾಯಲ್ಲಿದ್ದ ಕಜ್ಜಾಯ ಅಲ್ಲೇ ನಿಂತಿತು.

“ಪಾಪಕ್ಕ ಫೋನ್ ಮಾಡಿದ್ಮೇಲೆ ಕೈಕಾಲೇ ಆಡ್ಲಿಲ್ಲ. ಮಣಿಗೋಸ್ಕರ ನಿಮ್ಮನ್ನ ಹೆಂಗೆ ಕಳ್ಕಳ್ಳಿ? ಬಸ್ಟ್ಯಾಂಡ್ ತಾವ ಬಳೆ ಅಂಗಡಿ ಮಹಾಲಿಂಗಯ್ಯನವರತ್ರ ಓಡೋದೆ, ಒಂದು ಬಿಡಿ ಮಣಿ ಕೊಡಿ ಅಂತ. ಮದುವೆ ಸೀಜನ್ನು, ಎಲ್ಲ ಖಾಲಿ ಅಂದ್ರು. ನಾನು ಅಳೋದು ನೋಡಿ ಅವರ ಹೆಂಡ್ರು ಚನ್ನಮಲ್ಲಮ್ಮ, ಮದುಮಗಳಿಗೆ ತಾನೇ ತಗಳವ್ವ ಅಂತ ತಮ್ಮ ಕೊರಳಿಂದಲೇ ಬಿಚ್ಚಿಕೊಟ್ರು. ಅದನ್ನೇ ಮುಷ್ಟೀಲಿ ಇಟ್ಕಂಡಿದ್ದೆ. ನೀವು ಹ್ಯಾಗೂ ಕಣ್ಣು ಮುಚ್ಚಿದ್ರಿ.”

ಒಳಗೆ ಹೆಂಗಸರು ಸೋಬಾನೆ ಶುರು ಮಾಡಿದ್ದರು. ಐದು ಗಂಟಿನ ದಾರ ತಟ್ಟೆಯಲ್ಲಿತ್ತು. ಬಿಚ್ಚಿ ಎಂದರೆ ಮದುವೆ ನಿಲ್ಲುತ್ತದೆ. ಆ ದಾರವನ್ನು ಕಣ್ಣಿಗೊತ್ತಿಕೊಂಡು ಮುದ್ದಕ್ಕ ಎಷ್ಟೋ ವರ್ಷದ ಮೇಲೆ ನಗುತ್ತಿದ್ದಳು. ಹೇಳುವ ಹಾಗಿಲ್ಲವೆಂದು ಗಂಗಾಧರನಿಗೆ ತಕ್ಷಣ ಅರ್ಥವಾಯಿತು. ಅರ್ಥವಾದ ಮೇಲೆ ಬಾಯಲ್ಲಿದ್ದ ಕಜ್ಜಾಯ ನುಂಗಿದ.

“ಮಹಾಲಿಂಗಯ್ಯನವರು ಆಗ ಎಲ್ಲಿದ್ರು?” ಎಂದು ಕೇಳಿದ.

“ಎದುರ್ಗೇ ಕೂತು ನೋಡ್ತಾ ಇದ್ರು. ಮಣಿ ನನ್ನ ಕೈಗೆ ಬಿದ್ದೇಟಿಗೆ ಅಂಗೇ ಗಲ್ಲಾಪೆಟ್ಗೆ ಮೇಲೆ ಒರಗ್ಬುಟ್ರು. ಮೈ ಕೊರಡಾಗಿತ್ತು. ನೀರು ಚಿಮುಕಿಸಿ, ಕಾಲು ಉಜ್ಜಿ, ಹತ್ತು ನಿಮಿಷಕ್ಕೆ ಕಣ್ಣು ಬುಟ್ರು. ಆರಾಮಾಗವ್ರೆ ಈಗ.”

“ಏನಾದ್ರೂ ಅಂದ್ರಾ?”

ಸರ್ವಮಂಗಳೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಕಣ್ಣು ಬುಟ್ಟೋರೇ ನನ್ನ ನೋಡಿದ್ರು. ನಿಮ್ಮ ಯಜಮಾನ್ರು ಎಲ್ಲಮ್ಮಾ, ಅಲ್ಲಿ ಯಾರೋ ಅವರ ಹೆಸರು ಹಿಡಿದು ಹುಡುಕ್ತಾ ಇದ್ರು, ನನ್ನ ನೋಡಿ ಇವರಲ್ಲ ಅಂತ ವಾಪಸ್ ಕಳಿಸಿದ್ರು, ಅಂದ್ರು.”

ಬೆಟ್ಟದ ಮೇಲಿನ ಕೊನೆಯ ಬಿಸಿಲು ಹೋಯಿತು. ಒಳಗೆ ದೀಪ ಹಚ್ಚಲು ಯಾರೋ ಬೆಂಕಿಪೊಟ್ಟಣ ಕೇಳುತ್ತಿದ್ದರು.

“ನೀನೇನಂದೆ?” ಎಂದ ಗಂಗಾಧರ.

“ಗಾಬ್ರೀಲಿ ನಂಗೇನು ಹೊಳೀತದೆ? ಸಂಜೆಗೆ ಮದುವೆ ಮನೇಲಿ ಸಿಗ್ತಾರೆ ಅಂದ್ಬುಟ್ಟೆ.”